ಮೇಯರ್ ಅವರಿಗೆ ಬಹಿರಂಗ ಪತ್ರ: ಗೋಡೆಗೆ ಬಣ್ಣ ಬಳಿಯುವ ಮೊದಲು ಒಂದು ಮಾತು ಹೇಳಿ

ಮಾನ್ಯ ಮೇಯರ್ ಅವರೇ,

ನಮಸ್ಕಾರ. ಇದು ನಿಮ್ಮ ಕಚೇರಿಗೆ ನಾನು ಬರೆಯುತ್ತಿರುವ ಆರನೇ ಪತ್ರ. ಮೊದಲಿನ ಐದನ್ನೂ ಟಪಾಲು ವಿಭಾಗದಲ್ಲಿ ಕೈಯಾರೆ ಕೊಟ್ಟಿದ್ದೇನೆ. ಐದಕ್ಕೂ ಸೀಲು ಹಾಕಿದ ಪ್ರತಿ ನನ್ನ ಹತ್ತಿರ ಇದೆ. ಒಂದಕ್ಕೂ ಉತ್ತರ ಬಂದಿಲ್ಲ. ಅದಕ್ಕೇ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಕೇಳುತ್ತಿರುವುದು ಒಂದೇ. ನಗರದ ಗೋಡೆಯ ಮೇಲಿರುವ ಚಿತ್ರವನ್ನು ಅಳಿಸುವ 30 ದಿನ ಮೊದಲು ಆ ಗೋಡೆಗೆ ಒಂದು ನೋಟಿಸ್ ಅಂಟಿಸಿ. ಬರೆದ ಕಲಾವಿದರಿಗೆ ಒಂದು ಪತ್ರ ಕಳಿಸಿ. ಅಷ್ಟೇ. ದುಡ್ಡು ಕೇಳುತ್ತಿಲ್ಲ, ಹೊಸ ಯೋಜನೆ ಕೇಳುತ್ತಿಲ್ಲ.

ನನ್ನ ವಿಷಯ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಒಂದು ಗೋಡೆಗಾಗಿ ಈಕೆ ಯಾಕೆ ಇಷ್ಟು ಓಡಾಡುತ್ತಾಳೆ ಅಂತ ನಿಮಗೆ ಅನ್ನಿಸಬಹುದು. ನಾಲ್ಕು ವರ್ಷದ ಹಿಂದೆ ನನ್ನ ಎಡ ಮಂಡಿಗೆ ಆಪರೇಷನ್ ಆಯಿತು. ದಿನಾ ನಡೆಯಿರಿ ಅಂದರು ಡಾಕ್ಟರು. ನಡೆಯಬೇಕು ಅಂದರೆ ನನಗೆ ಅಳು ಬರುತ್ತಿತ್ತು. ಪಾರ್ಕಿನಲ್ಲಿ ಮೂರನೇ ಸುತ್ತಿಗೇ ಬೆಂಚು ಹುಡುಕುತ್ತಿದ್ದೆ. ಅದೇ ವರ್ಷ ನಮ್ಮ ಮನೆಯವರು ತೀರಿಕೊಂಡರು. ಮನೆಯೊಳಗೆ ಕೂರಲು ಆಗುತ್ತಿರಲಿಲ್ಲ, ಹೊರಗೆ ಹೋಗುವ ಮನಸ್ಸೂ ಇರಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಸುಮ್ನೆ ಬಸ್ ಹತ್ತಿ ನಗರದ ಮಧ್ಯಕ್ಕೆ ಬಂದೆ. ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ಮುಚ್ಚಿದ ಷಟರುಗಳ ಮೇಲೆ ಚಿತ್ರಗಳಿದ್ದವು. ಒಂದರ ಮೇಲೆ ಆಮೆ. ಪಕ್ಕದ್ದರ ಮೇಲೆ ಒಂದೇ ಕೊಡೆಯ ಕೆಳಗೆ ಇಬ್ಬರು ಹುಡುಗಿಯರು. ಮುಂದಿನ ಷಟರಿನಲ್ಲಿ ಏನಿದೆಯೋ ನೋಡೋಣ ಅಂತ ಹತ್ತು ಹೆಜ್ಜೆ ಇಟ್ಟೆ. ಆಮೇಲೆ ಇನ್ನೂ ಹತ್ತು. ಮನೆಗೆ ಬಂದು ಲೆಕ್ಕ ಹಾಕಿದರೆ ಸುಮಾರು ಒಂದೂವರೆ ಕಿಲೋಮೀಟರ್ ನಡೆದಿದ್ದೆ. ಮಂಡಿ ನೋಯುತ್ತಿತ್ತು. ಆದರೂ ಎಷ್ಟೋ ತಿಂಗಳ ಮೇಲೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಆವತ್ತಿನಿಂದ ಭಾನುವಾರ ತಪ್ಪಿಸಿಲ್ಲ. ಮೊದಲು ಒಬ್ಬಳೇ ಬರುತ್ತಿದ್ದೆ. ಆಮೇಲೆ ಪಕ್ಕದ ಮನೆಯವರು ಜೊತೆಯಾದರು. ಈಗ ಹದಿನೈದು ಇಪ್ಪತ್ತು ಜನ ಆಗುತ್ತೇವೆ. ಯಾರ ಹತ್ತಿರವೂ ಕಾಸು ತೆಗೆದುಕೊಳ್ಳುವುದಿಲ್ಲ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಗೋಡೆ, ಯಾವ ಚಿತ್ರ, ಯಾವತ್ತು ನೋಡಿದ್ದು, ಯಾವತ್ತು ಹೋಯಿತು, ಎಲ್ಲ ಬರೆದಿದ್ದೇನೆ. ಮೊದಲ ವರ್ಷ 43 ಚಿತ್ರ ಬರೆದುಕೊಂಡಿದ್ದೆ. ಅದರಲ್ಲಿ ಈಗ ಉಳಿದಿರುವುದು 17. ಬಿಸಿಲಿಗೋ ಮಳೆಗೋ ಹಾಳಾದವು ನಾಲ್ಕು. ಉಳಿದ 22 ಚಿತ್ರಗಳ ಮೇಲೆ ಓಡಿದ್ದು ನಿಮ್ಮ ಬೂದು ಬಣ್ಣದ ರೋಲರ್.

ನಡೆಯುತ್ತಾ ನಡೆಯುತ್ತಾ ನೋಡಲು ಕಲಿತೆವು. ಷಟರಿನ ಚಿತ್ರ ಬೇಕಾದರೆ ಅಂಗಡಿ ತೆರೆಯುವ ಮೊದಲೇ ಬರಬೇಕು. ಅಚ್ಚು ಇಟ್ಟು ಸ್ಪ್ರೇ ಮಾಡುವ ಸ್ಟೆನ್ಸಿಲ್ ಚಿತ್ರಗಳು ಎಷ್ಟೋ ಸಲ ಮೊಣಕಾಲಿನ ಎತ್ತರದಲ್ಲಿ, ಪೈಪಿನ ಪಕ್ಕದಲ್ಲಿ ಇರುತ್ತವೆ. ಮಕ್ಕಳ ಕಣ್ಣಿಗೆ ಮೊದಲು ಬೀಳುವುದು ಅವೇ. ದೊಡ್ಡ ಮ್ಯೂರಲ್‌ಗಳು, ಅಂದರೆ ಗೋಡೆಯ ತುಂಬ ಬರೆದ ಚಿತ್ರಗಳು, ಕಿಟಕಿ ಇಲ್ಲದ ಪಕ್ಕದ ಗೋಡೆಗಳಲ್ಲಿ ಸಿಗುತ್ತವೆ. ಹತ್ತಿರ ನಿಂತರೆ ಬರೀ ಬಣ್ಣದ ಪಟ್ಟೆ. ರಸ್ತೆ ದಾಟಿ ತಿರುಗಿ ನೋಡಿದರೆ ಅದು ಒಂದು ಮುಖ. ಬರೀ ಹೆಸರು ಗೀಚಿ ಓಡಿಹೋಗುವುದಕ್ಕೆ ಟ್ಯಾಗ್ ಅನ್ನುತ್ತಾರೆ. ಅನುಮತಿ ತೆಗೆದುಕೊಂಡು ವಾರಗಟ್ಟಲೆ ನಿಂತು ಬರೆಯುವ ಮ್ಯೂರಲ್ ಬೇರೆ. ಈ ವ್ಯತ್ಯಾಸ ನಮ್ಮ ಗುಂಪಿನ ಎಂಟು ವರ್ಷದ ಹುಡುಗನಿಗೂ ಗೊತ್ತು. ನಿಮ್ಮ ರೋಲರ್‌ಗೆ ಮಾತ್ರ ಎರಡೂ ಒಂದೇ ಆಗಿಬಿಟ್ಟಿವೆ.

ಒಂದು ಮ್ಯೂರಲ್ ಹೇಗೆ ಆಗುತ್ತದೆ ಅಂತ ನಾನು ನಿಂತು ನೋಡಿದ್ದೇನೆ. ಮೊದಲು ಗೋಡೆ ತೊಳೆಯುತ್ತಾರೆ. ಒಳಗೆ ತೇವ ಇದ್ದರೆ ಉಪ್ಪು ಹೊರಗೆ ಬಂದು ಬಣ್ಣವನ್ನು ಎಬ್ಬಿಸುತ್ತದೆ, ಅದಕ್ಕೇ ಚೆನ್ನಾಗಿ ಒಣಗುವವರೆಗೆ ಕಾಯುತ್ತಾರೆ. ಆಮೇಲೆ ಪ್ರೈಮರ್, ಅಂದರೆ ಬಣ್ಣ ಚೆನ್ನಾಗಿ ಹಿಡಿಯಲು ಮೊದಲು ಬಳಿಯುವ ಪದರ. ಆಮೇಲೆ ಇಡೀ ಗೋಡೆಯ ತುಂಬ ಸುಮ್ಮನೆ ಅಕ್ಷರ, ಸುಳಿ, ಗೆರೆ ಗೀಚುತ್ತಾರೆ. ಅದರ ಫೋಟೋ ತೆಗೆದು, ಫೋನಿನಲ್ಲಿ ಅದರ ಮೇಲೆ ತಮ್ಮ ಸ್ಕೆಚ್ ಕೂರಿಸಿ ನೋಡುತ್ತಾರೆ. ಇಂಥ ಸುಳಿಯ ಮೇಲೆ ಕಣ್ಣು ಬರಬೇಕು, ಇಂಥ ಅಕ್ಷರದ ಪಕ್ಕ ಕಿವಿ ಬರಬೇಕು ಅಂತ ಆಗ ಗೊತ್ತಾಗುತ್ತದೆ. ಮೂರು ಮಹಡಿ ಎತ್ತರದಲ್ಲಿ ಅಟ್ಟಣಿಗೆಯ ಮೇಲೆ ನಿಂತವರಿಗೆ ತಾವು ಬರೆಯುತ್ತಿರುವುದು ಪೂರ್ತಿ ಕಾಣುವುದೇ ಇಲ್ಲ. ಇಳಿಯಬೇಕು, ನೋಡಬೇಕು, ಮತ್ತೆ ಹತ್ತಬೇಕು. ಹಾಗೆ ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಾರೋ ಎಣಿಸಿದವರಿಲ್ಲ.

ಈಗ ಆ ಕುದುರೆಯ ವಿಷಯಕ್ಕೆ ಬರುತ್ತೇನೆ. ನನಗೆ ನಿದ್ದೆ ಕೆಡಿಸಿದ್ದು ಅದು.

ಹಳೇ ಗ್ರಂಥಾಲಯದ ಹಿಂದಿನ ಓಣಿ ನಿಮಗೆ ಗೊತ್ತು. ಅಲ್ಲಿ ಒಂದು ಕುದುರೆ ಇತ್ತು. ತಲೆ ಒಂದು ಗೋಡೆಯ ಮೇಲೆ, ಕುತ್ತಿಗೆ ವಿದ್ಯುತ್ ಪೆಟ್ಟಿಗೆಯ ಮೇಲೆ, ಮೈ ಎದುರಿನ ಉದ್ದ ಗೋಡೆಯ ಮೇಲೆ. ಓಣಿಯಲ್ಲಿ ಎಲ್ಲಿ ನಿಂತರೂ ತುಂಡು ತುಂಡು. ಒಂದೇ ಒಂದು ಕಲ್ಲಿನ ಮೇಲೆ ನಿಂತು ನೋಡಿದರೆ ಮಾತ್ರ ಮೂರೂ ಕೂಡಿ ಓಡುವ ಕುದುರೆ ಆಗುತ್ತಿತ್ತು. ಮೊದಲ ಸಲ ಅದು ಕಂಡಾಗ ಬಾಯಿಂದ ಒಂದು ಉದ್ಗಾರ ಬಾರದವರನ್ನು ನಾನು ನೋಡಿಲ್ಲ. ನಾಲ್ಕು ವರ್ಷದಲ್ಲಿ ಒಬ್ಬರನ್ನೂ ನೋಡಿಲ್ಲ. ಅದನ್ನು ಬರೆಯಲು ಅನುಮತಿ ಪತ್ರ ಕೊಟ್ಟದ್ದು ನಿಮ್ಮ ಕಚೇರಿಯೇ. ಐದು ವರ್ಷ ಇರುತ್ತದೆ ಅಂತ ಆ ಪತ್ರದಲ್ಲಿ ಬರೆದಿತ್ತು. ಬಾಲದ ಬಣ್ಣ ತುಂಬಿದ್ದು ಅದೇ ಓಣಿಯ ಶಾಲೆಯ ಮಕ್ಕಳು.

ಆ ಮಕ್ಕಳಲ್ಲಿ ಒಬ್ಬಳು ಈಗ ಹೈಸ್ಕೂಲಿನಲ್ಲಿದ್ದಾಳೆ. ಕಳೆದ ತಿಂಗಳ ಎರಡನೇ ಭಾನುವಾರ ತನ್ನ ಅಜ್ಜಿಯನ್ನು ಕರೆದುಕೊಂಡು ನಮ್ಮ ನಡಿಗೆಗೆ ಬಂದಳು. ಅಜ್ಜಿಗೆ ಒಂದು ಕಣ್ಣು ಸರಿಯಾಗಿ ಕಾಣುವುದಿಲ್ಲ. ನಾನು ಬಣ್ಣ ಹಾಕಿದ್ದನ್ನು ಅಜ್ಜಿ ಇವತ್ತು ನೋಡಲೇಬೇಕು ಅಂತ ದಾರಿಯುದ್ದಕ್ಕೂ ಹೇಳುತ್ತಾ ಬಂದಳು. ಓಣಿಯ ತಿರುವಿನಲ್ಲಿ ಬಣ್ಣದ ವಾಸನೆ ಬಂತು. ಇಬ್ಬರು ಕೆಲಸಗಾರರು ರೋಲರ್ ಹಿಡಿದು ನಿಂತಿದ್ದರು. ತಲೆ ಹೋಗಿತ್ತು. ಕುತ್ತಿಗೆ ಹೋಗಿತ್ತು. ಮೈ ಅರ್ಧ ಬೂದು. ಬಾಲ ಮಾತ್ರ ಉಳಿದಿತ್ತು.

ಹುಡುಗಿ ಓಡಿಹೋಗಿ ಬಾಲದ ಮುಂದೆ ನಿಂತಳು. ಅಣ್ಣಾ, ಇದೊಂದು ಬಿಡಿ, ಇದು ನಾನು ಬರೆದದ್ದು ಅಂದಳು. ಆ ಕೆಲಸಗಾರರು ಒಳ್ಳೆಯವರು. ಅವರ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ರೋಲರ್ ಕೆಳಗಿಟ್ಟು ಮೇಸ್ತ್ರಿಗೆ ಫೋನ್ ಮಾಡಿದರು. ಮೇಸ್ತ್ರಿ ಬಂದ. ಗಣ್ಯರೊಬ್ಬರು ಮಂಗಳವಾರ ಈ ದಾರಿಯಲ್ಲಿ ಬರುತ್ತಾರೆ, ಎಲ್ಲ ಗೋಡೆ ಒಂದೇ ಬಣ್ಣ ಆಗಬೇಕು, ಆರ್ಡರ್ ಇದೆ ಅಂದ. ಆರ್ಡರ್ ತೋರಿಸಿ ಅಂದೆ. ಫೋನಿನಲ್ಲಿ ಒಂದು ಸಾಲಿನ ಮೆಸೇಜ್ ತೋರಿಸಿದ. ಅದರಲ್ಲಿ ಓಣಿಯ ಹೆಸರು ಕೂಡ ಇರಲಿಲ್ಲ. ಹುಡುಗಿಯ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡೆವು. ನಮ್ಮ ಕಣ್ಣೆದುರಿಗೇ ಬಾಲವೂ ಹೋಯಿತು. ಅಜ್ಜಿಗೆ ಏನಾಗುತ್ತಿದೆ ಅಂತ ಸರಿಯಾಗಿ ಕಾಣಲಿಲ್ಲ. ಯಾಕೆ ಅಳುತ್ತಿದ್ದೀ, ಕುದುರೆ ಎಲ್ಲಿ ಅಂತ ಕೇಳುತ್ತಲೇ ಇದ್ದರು.

ಆ ಗಣ್ಯರು ಮಂಗಳವಾರ ಬರಲೇ ಇಲ್ಲ. ಶುಕ್ರವಾರದ ಹೊತ್ತಿಗೆ ಆ ಬೂದು ಗೋಡೆಯ ಮೇಲೆ ಹನ್ನೊಂದು ಪೋಸ್ಟರ್ ಅಂಟಿದ್ದವು. ಕುದುರೆ ಇದ್ದಷ್ಟು ದಿನ ಅಲ್ಲಿ ಯಾರೂ ಒಂದು ಚೀಟಿಯನ್ನೂ ಅಂಟಿಸಿರಲಿಲ್ಲ. ಇದು ನಿಮಗೆ ಗೊತ್ತಾಗಲಿ ಅಂತ ಎರಡೂ ಫೋಟೋ ಐದನೇ ಪತ್ರದ ಜೊತೆ ಇಟ್ಟಿದ್ದೆ.

ಸೋಮವಾರವೇ ನಿಮ್ಮ ಕಚೇರಿಗೆ ಬಂದಿದ್ದೆ. ಮೆಟ್ಟಿಲು ಹತ್ತುವುದು ನನಗೆ ಕಷ್ಟ. ಆದರೂ ಮೂರನೇ ಮಹಡಿಗೆ ಹತ್ತಿದೆ. ಗೋಡೆ ನಮ್ಮದಲ್ಲ, ಸ್ವಚ್ಛತೆಯ ವಿಭಾಗದ್ದು ಅಂದರು. ಅಲ್ಲಿ ಹೋದರೆ ಬಣ್ಣ ನಮ್ಮದಲ್ಲ, ಎಂಜಿನಿಯರಿಂಗ್ ವಿಭಾಗದ್ದು ಅಂದರು. ಅಲ್ಲಿ ಒಬ್ಬರು ಫೈಲಿನಿಂದ ತಲೆ ಎತ್ತದೆ, ಗೋಡೆ ತಾನೇ ಅಮ್ಮಾ, ಇನ್ನೊಂದು ಬರೆಸಿದರಾಯಿತು ಅಂದರು.

ಗೋಡೆ ತಾನೇ ಅನ್ನುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ ಮೇಯರ್ ಅವರೇ.

ನ್ಯೂಯಾರ್ಕಿನ ಫೈವ್‌ಪಾಯಿಂಟ್ಸ್ ವಿಷಯ ನೀವು ಕೇಳಿರಬಹುದು. ಅದೊಂದು ಹಳೇ ಕಾರ್ಖಾನೆ. ಮಾಲೀಕರು ಒಪ್ಪಿಯೇ ಗೋಡೆಗಳ ತುಂಬ ಚಿತ್ರ ಬರೆಸಿದ್ದರು. ಕಟ್ಟಡ ಒಡೆದು ಹೊಸದು ಕಟ್ಟಬೇಕು ಅಂತಾದಾಗ 2013ರ ನವೆಂಬರಿನಲ್ಲಿ ರಾತ್ರೋರಾತ್ರಿ ಎಲ್ಲದರ ಮೇಲೂ ಬಿಳಿ ಬಣ್ಣ ಬಳಿಸಿಬಿಟ್ಟರು. ಕಲಾವಿದರು ಕೋರ್ಟಿಗೆ ಹೋದರು. 2018ರಲ್ಲಿ 21 ಕಲಾವಿದರಿಗೆ 67.5 ಲಕ್ಷ ಡಾಲರ್ ಕೊಡಬೇಕು ಅಂತ ತೀರ್ಪಾಯಿತು. 2020ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಟ್ಟಡ ಮಾಲೀಕರದ್ದೇ. ಒಡೆಯುವುದು ತಪ್ಪು ಅಂತ ಯಾರೂ ಹೇಳಲಿಲ್ಲ. ಒಡೆಯಲು ಪರವಾನಗಿ ಬರುವವರೆಗೆ, ಅಂದರೆ ಸುಮಾರು ಹತ್ತು ತಿಂಗಳು ಕಾದಿದ್ದರೆ ಇಷ್ಟು ದಂಡ ಬೀಳುತ್ತಿರಲಿಲ್ಲ ಅಂತ ನ್ಯಾಯಾಧೀಶರೇ ತೀರ್ಪಿನಲ್ಲಿ ಹೇಳಿದರು. ತೆಗೆದು ಉಳಿಸಬಹುದಾದ ಕೃತಿಯಾದರೆ ಅಲ್ಲಿನ ಕಾನೂನಿನಲ್ಲಿ ಕಲಾವಿದರಿಗೆ 90 ದಿನದ ನೋಟಿಸ್ ಕೊಡಬೇಕು. ನಾನು ಕೇಳುತ್ತಿರುವುದು 30 ದಿನ.

ಅದು ಅಮೆರಿಕದ ಮಾತು ಅನ್ನಬೇಡಿ. ಶಿಲ್ಪಿ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪ ದೆಹಲಿಯ ವಿಜ್ಞಾನ ಭವನದಲ್ಲಿತ್ತು. 1979ರಲ್ಲಿ ಅದನ್ನು ಕಿತ್ತು ಗೋದಾಮಿಗೆ ಹಾಕಿದರು. ಅವರಿಗೆ ಒಂದು ಮಾತು ಹೇಳಲಿಲ್ಲ. ದೆಹಲಿ ಹೈಕೋರ್ಟು 2005ರಲ್ಲಿ ಅವರ ಪರವಾಗಿ ತೀರ್ಪು ಕೊಟ್ಟಿತು. ಉಳಿದ ತುಂಡುಗಳನ್ನು ಅವರಿಗೆ ವಾಪಸ್ ಕೊಡಿ, ಐದು ಲಕ್ಷ ಪರಿಹಾರವನ್ನೂ ಕೊಡಿ ಅಂತು. ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ನಿಮ್ಮ ಕಾನೂನು ವಿಭಾಗಕ್ಕೆ ನಾನು ಹೇಳಿಕೊಡಬೇಕಾಗಿಲ್ಲ. ಕೃತಿಯನ್ನು ಮಾರಿದ ಮೇಲೂ ಅದರ ಮೇಲೆ ಕಲಾವಿದನಿಗೆ ಹಕ್ಕು ಇರುತ್ತದೆ ಅಂತ ಅದು ಹೇಳುತ್ತದೆ. ಗೊತ್ತಿದ್ದೂ ರೋಲರ್ ಕಳಿಸುತ್ತೀರಿ. ಅದೇ ನನಗೆ ತಡೆಯಲಾಗದ್ದು.

ಇನ್ನೊಂದು ಹೇಳುತ್ತೇನೆ. ಗೋಡೆ ಗೀಚುವುದನ್ನು ನಿಲ್ಲಿಸಬೇಕು ಅಂತಲೇ ನೀವು ಬೂದು ಬಳಿಸುತ್ತೀರಿ ಅನ್ನುತ್ತಾರೆ. ಫಿಲಡೆಲ್ಫಿಯಾ ನಗರಕ್ಕೂ ಅದೇ ತಲೆನೋವಿತ್ತು. 1984ರಲ್ಲಿ ಅವರು ಗೀಚುವ ಹುಡುಗರನ್ನೇ ಕರೆದು ಮ್ಯೂರಲ್ ಬರೆಯುವ ಕೆಲಸಕ್ಕೆ ಹಚ್ಚಿದರು. ಈಗ ಆ ನಗರದಲ್ಲಿ ಸಾವಿರಾರು ಮ್ಯೂರಲ್ ಆಗಿವೆ. ಅವನ್ನು ನೋಡಲೆಂದೇ ಜನ ಅಲ್ಲಿಗೆ ಹೋಗುತ್ತಾರೆ. ಇಲ್ಲಿ ನಮ್ಮ ಹುಡುಗಿ ಅನುಮತಿ ಇದ್ದ ಗೋಡೆಗೆ ಬಣ್ಣ ತುಂಬಿದಳು. ಅವಳಿಗೆ ಸಿಕ್ಕಿದ್ದು ಏನು?

ಚಿತ್ರಗಳೆಲ್ಲ ಶಾಶ್ವತವಾಗಿ ಇರಬೇಕು ಅಂತ ನಾನು ಹಟ ಹಿಡಿದಿಲ್ಲ. ಬೀದಿಯಲ್ಲಿ ಬರೆಯುವವರಿಗೂ ಅದು ಗೊತ್ತು. ಬಿಸಿಲಿಗೆ ಬಣ್ಣ ಮಾಸುತ್ತದೆ, ಎಷ್ಟೋ ಕೆಂಪು, ಹಳದಿಗಳು ಬೇಗ ಹೋಗುತ್ತವೆ. ಗೋಡೆ ಬಿರುಕು ಬಿಡುತ್ತದೆ. ಕಟ್ಟಡ ಬೀಳಿಸಬೇಕಾಗುತ್ತದೆ. ಹಳೆಯದರ ಮೇಲೆ ಇನ್ನೊಬ್ಬರು ಹೊಸದು ಬರೆಯುತ್ತಾರೆ. ಅದಕ್ಕೆಲ್ಲ ನನ್ನ ತಕರಾರಿಲ್ಲ. ಹೇಳದೆ ಕೇಳದೆ ಒಂದು ಬೆಳಗ್ಗೆ ಬಂದು ಬಳಿದು ಹೋಗುತ್ತೀರಲ್ಲ, ಅದಕ್ಕೆ ತಕರಾರು. ಮೊದಲೇ ಹೇಳಿದ್ದರೆ ಕಲಾವಿದರು ಬಂದು ಒಂದು ಫೋಟೋ ತೆಗೆದುಕೊಳ್ಳುತ್ತಿದ್ದರು. ಆ ಹುಡುಗಿ ಒಂದು ವಾರ ಮೊದಲೇ ಅಜ್ಜಿಯನ್ನು ಕರೆದುಕೊಂಡು ಬರುತ್ತಿದ್ದಳು. ಅಜ್ಜಿಯನ್ನು ಆ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದೆವು.

30 ದಿನ ಮೊದಲು ಗೋಡೆಗೆ ಒಂದು ನೋಟಿಸ್. ಕಲಾವಿದರಿಗೆ ಒಂದು ಪತ್ರ. ಇಷ್ಟಕ್ಕೆ ಹೊಸ ಕಾನೂನು ಬೇಡ, ಸಭೆ ಬೇಡ. ನಿಮ್ಮ ಒಂದು ಸುತ್ತೋಲೆ ಸಾಕು. ಒಂದು ಸಾಲಿನ ಮೆಸೇಜಿನಲ್ಲಿ ಕುದುರೆ ಹೋಗುತ್ತದೆ ಅಂದರೆ ಒಂದು ಸಾಲಿನ ಸುತ್ತೋಲೆಯಲ್ಲಿ ಉಳಿದ ಹದಿನೇಳು ಉಳಿಯಬಹುದು ಅಲ್ವಾ?

ಇದನ್ನು ಇವತ್ತೇ ಬರೆಯಲು ಕಾರಣ ಇದೆ. ಅಂಚೆ ಕಚೇರಿಯ ಪಕ್ಕದ ಎತ್ತರದ ಗೋಡೆಯಲ್ಲಿ ಮೀನು ಕಚ್ಚಿಕೊಂಡ ಮಿಂಚುಳ್ಳಿ ಇದೆ. ನಿನ್ನೆ ಸಂಜೆ ಅದರ ಕೆಳಗೆ ಬೂದು ಬಣ್ಣದ ನಾಲ್ಕು ಡಬ್ಬ, ಒಂದು ಏಣಿ ಇಟ್ಟಿದ್ದಾರೆ. ಕಾವಲಿನವರನ್ನು ಕೇಳಿದೆ, ಸೋಮವಾರದ ಕೆಲಸ ಅಂದರು. ಗೋಡೆಯ ಮೇಲೆ ನೋಟಿಸ್ ಇಲ್ಲ. ಬರೆದ ಕಲಾವಿದೆಗೆ ಫೋನ್ ಮಾಡಿದೆ, ಅವರಿಗೂ ಗೊತ್ತಿಲ್ಲ.

ಭಾನುವಾರ ಬೆಳಗ್ಗೆ ಆರೂವರೆಗೆ ನಾವು ಎಂದಿನಂತೆ ಅಲ್ಲಿಂದಲೇ ಹೊರಡುತ್ತೇವೆ. ಸಾಧ್ಯವಾದರೆ ಬನ್ನಿ. ಬರಲು ಆಗದಿದ್ದರೆ ಅಷ್ಟರೊಳಗೆ ಆ ಡಬ್ಬಗಳನ್ನು ತೆಗೆಸಿ, ನೋಟಿಸ್ ಅಂಟಿಸಿ.

ಇಂತಿ,
ನಿಮ್ಮ ನಗರದ ಒಬ್ಬ ನಿವಾಸಿ