ಬಲೂನ್ ಹಾರಲಿಲ್ಲ, ಮಕ್ಕಳು ಕಾದದ್ದಷ್ಟೇ ನಿಜ

ಮಾನ್ಯರೆ,

ನಮ್ಮೂರಿನ ಶಾಲೆಗೆ ಬಿಸಿಗಾಳಿ ಬಲೂನ್ ತಂಡ ಬಂದ ಸುದ್ದಿಯನ್ನು ನಿಮ್ಮ ಪತ್ರಿಕೆ ಇಂದು ಚಿತ್ರ ಸಮೇತ ಪ್ರಕಟಿಸಿದೆ. ‘ಬಲೂನ್ ಕಂಡು ಮಕ್ಕಳ ಪುಳಕ’ ಎಂಬ ತಲೆಬರಹ ಓದಿ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟೆ. ಯಾವ ಬಲೂನ್? ಯಾವ ಪುಳಕ? ಚಿತ್ರದಲ್ಲಿ ಇರುವುದು ಬೆತ್ತದ ಬುಟ್ಟಿ. ಅದರೊಳಗೆ ನಿಂತಿರುವವರು ಇಬ್ಬರು ಅಧಿಕಾರಿಗಳು ಮತ್ತು ಒಬ್ಬ ಜನಪ್ರತಿನಿಧಿ. ಅವರ ಹಿಂದೆ ಹುಲ್ಲಿನ ಮೇಲೆ ಬಿದ್ದಿರುವ ಮೂಟೆಯೇ ಬಲೂನ್. ಅದನ್ನು ಬಿಚ್ಚಲೇ ಇಲ್ಲ. ನಾನು ಬೆಳಿಗ್ಗೆ ಆರೂವರೆಯಿಂದ ಹನ್ನೊಂದೂವರೆಯವರೆಗೆ ಅದೇ ಮೈದಾನದಲ್ಲಿ ನಿಂತಿದ್ದವನು. ನಿಮ್ಮ ವರದಿಗಾರರು ಬಂದದ್ದು ಅಧಿಕಾರಿಗಳ ಜೀಪಿನ ಹಿಂದೆಯೇ. ಅದಕ್ಕೂ ಮೊದಲು ನಡೆದದ್ದನ್ನು ಯಾರಾದರೂ ಬರೆಯಬೇಕಲ್ಲ, ಅದಕ್ಕಾಗಿ ಈ ಪತ್ರ.

ಬಲೂನ್ ತಂಡದವರ ಮೇಲೆ ನನಗೆ ಎಳ್ಳಷ್ಟೂ ದೂರಿಲ್ಲ. ಅವರು ನಾಲ್ಕು ದಿನ ಮೊದಲೇ ಶಾಲೆಗೆ ಬಂದು ಮೈದಾನ ನೋಡಿ, ಮರಗಳೂ ವಿದ್ಯುತ್ ತಂತಿಯೂ ಎಷ್ಟು ದೂರ ಇವೆ ಎಂದು ಅಳೆದು, ಬೆಳಿಗ್ಗೆ ಏಳು ಗಂಟೆಗೆ ಶುರು ಮಾಡಲೇಬೇಕು ಎಂದು ಸ್ಪಷ್ಟವಾಗಿ ಹೇಳಿ ಹೋಗಿದ್ದರು. ಶಿಕ್ಷಕಿ ಅದನ್ನು ಮಕ್ಕಳ ಡೈರಿಯಲ್ಲಿ ಬರೆಸಿದ್ದರು. ನಾಲ್ಕನೇ ತರಗತಿಯ ನನ್ನ ಮೊಮ್ಮಗನಿಗೆ ಆ ನಾಲ್ಕು ದಿನ ಬೇರೆ ಮಾತೇ ಇರಲಿಲ್ಲ. 1783ರಲ್ಲಿ ಫ್ರಾನ್ಸಿನ ಅರಮನೆಯ ಮುಂದೆ ಮೊದಲ ಸಲ ಬಲೂನಿನಲ್ಲಿ ಹೋದದ್ದು ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ಎಂದು ಶಿಕ್ಷಕಿ ಹೇಳಿದ್ದರಂತೆ. ಮೂರೂ ಜೀವಂತವಾಗಿ ಇಳಿದವು, ಆಮೇಲೆ ಅದೇ ವರ್ಷದ ನವೆಂಬರ್ 21ರಂದು ಪ್ಯಾರಿಸ್ಸಿನಲ್ಲಿ ಇಬ್ಬರು ಮನುಷ್ಯರು ಹಾರಿದರು ಎಂದು ಅವನು ರಾತ್ರಿ ಊಟದ ಹೊತ್ತಿಗೆ ನಮಗೆಲ್ಲ ಪಾಠ ಮಾಡಿದ. ನಮ್ಮ ಹುಂಜವನ್ನು ಕರೆದುಕೊಂಡು ಹೋಗಬಹುದೇ ಎಂದು ಕೇಳಿದ. ಬೇಡ ಎಂದು ಸಮಾಧಾನ ಮಾಡಿದ್ದಾಯಿತು.

ಈಗ ಕಾಫಿ ಕೊಯ್ಲಿನ ಸಮಯ. ಒಂದು ಬೆಳಿಗ್ಗೆ ಹೋದರೆ ಏನಾಗುತ್ತದೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಕಣದಲ್ಲಿ ಹರಡಿದ ಹಣ್ಣನ್ನು ಕೈಯಾಡಿಸುವವರಿಲ್ಲದೆ ಬಿಟ್ಟು, ಲೈನ್‌ಮನೆಯ ತೋಟದ ಕಾರ್ಮಿಕರ ಐದು ಮಕ್ಕಳನ್ನೂ ಮೊಮ್ಮಗನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಆರು ಗಂಟೆಗೆ ಹೊರಟೆ. ನಡೆದು ಬನ್ನಿ ಎನ್ನಲು ಸಾಧ್ಯವೇ ಇರಲಿಲ್ಲ. ಹಿಂದಿನ ವಾರವೇ ಶಾಲೆಯ ದಾರಿಯ ತಿರುವಿನಲ್ಲಿ ಮರಿಯಾನೆ ಇದ್ದ ಹಿಂಡು ದಾಟಿದೆ. ಹಾರಂಗಿ ಹಿನ್ನೀರಿನ ಕಡೆಯಿಂದ ಎದ್ದ ಮಂಜಿನಲ್ಲಿ ಹತ್ತು ಮಾರು ಮುಂದಿನದು ಕಾಣುತ್ತಿರಲಿಲ್ಲ. ಹಾರ್ನ್ ಹೊಡೆಯುತ್ತಾ, ನಿಲ್ಲಿಸಿ ಕಿವಿಗೊಡುತ್ತಾ, ಮತ್ತೆ ಸಾಗುತ್ತಾ ಹೋದೆವು. ಶಾಲೆ ತಲುಪಿದಾಗ ಐವತ್ತಕ್ಕೂ ಹೆಚ್ಚು ಮಕ್ಕಳು ಸ್ವೆಟರ್ ತೋಳಿನೊಳಗೆ ಕೈ ಎಳೆದುಕೊಂಡು ಸಾಲಾಗಿ ನಿಂತಿದ್ದರು. ಕೆಲವರಿಗೆ ಸ್ವೆಟರ್ ಕೂಡ ಇರಲಿಲ್ಲ. ಒಬ್ಬಳು ಹುಡುಗಿ ಅಮ್ಮನ ಶಾಲು ಸುತ್ತಿಕೊಂಡು ಬಂದಿದ್ದಳು.

ಏಳು ಗಂಟೆಗೆ ಮಂಜು ಸರಿಯತೊಡಗಿತು. ಗಾಳಿಯ ಸುಳಿವಿರಲಿಲ್ಲ, ಸಿಲ್ವರ್ ಮರದ ಎಲೆಯೂ ಅಲುಗುತ್ತಿರಲಿಲ್ಲ. ಬುಟ್ಟಿ ಇಳಿಸಿದ್ದರು, ಬರ್ನರ್ ಜೋಡಿಸಿದ್ದರು, ಫ್ಯಾನ್ ಇಟ್ಟಿದ್ದರು, ಹಗ್ಗಗಳನ್ನು ಕಟ್ಟಲು ಮೂರು ಕಡೆ ವಾಹನ ನಿಲ್ಲಿಸಿದ್ದರು. ಫ್ಯಾನಿನಿಂದ ತಣ್ಣನೆಯ ಗಾಳಿ ತುಂಬಿ, ಆಮೇಲೆ ಉರಿ ಹಚ್ಚಿ, ಹಗ್ಗದ ಆಧಾರದಲ್ಲಿಯೇ ಒಂದಿಷ್ಟು ಎತ್ತರಕ್ಕೆ ಏರಿಸಿ ತೋರಿಸುವುದು, ಅಷ್ಟೇ ಕಾರ್ಯಕ್ರಮ. ಅರ್ಧ ಗಂಟೆಯ ಕೆಲಸ. ಆಗ ಬಂತು ಫೋನ್. ಉದ್ಘಾಟನೆ ಆಗದೆ ಶುರು ಮಾಡಕೂಡದು, ಸಾಹೇಬರು ಹೊರಟಿದ್ದಾರೆ.

ಸಾಹೇಬರು ಹೊರಟಿದ್ದಾರೆ ಎಂಬ ಮಾತನ್ನು ಎಂಟಕ್ಕೂ ಕೇಳಿದೆವು, ಎಂಟೂವರೆಗೂ ಕೇಳಿದೆವು, ಒಂಬತ್ತಕ್ಕೂ ಕೇಳಿದೆವು. ಪೈಲಟ್ ಆಕಾಶ ನೋಡುತ್ತಿದ್ದ, ಕೈಯಲ್ಲಿ ಹುಲ್ಲು ಹಿಡಿದು ಉದುರಿಸಿ ನೋಡುತ್ತಿದ್ದ. ಬಿಸಿಲೇರಿದರೆ ಆಗುವುದಿಲ್ಲ ಎಂದು ಮುಖ್ಯ ಶಿಕ್ಷಕರಿಗೆ ಮೂರು ಸಲ ಹೇಳಿದ. ಅದು ಅವನ ಹಠವಲ್ಲ. ಒಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿಯಾಗಿ ಹಗುರವಾದರೆ ಮಾತ್ರ ಬಲೂನ್ ಏಳುತ್ತದೆ. ಹೊರಗೆ ಚಳಿ ಇದ್ದಷ್ಟೂ ಒಳ್ಳೆಯದು. ಬಿಸಿಲಿಗೆ ನೆಲ ಕಾದರೆ ಗಾಳಿ ಮೇಲೇಳುತ್ತದೆ, ಗುಡ್ಡದ ಸಂದಿನಲ್ಲಿ ಬೀಸತೊಡಗುತ್ತದೆ. ಏಳೆಂಟು ಅಂತಸ್ತಿನ ಮನೆಯಷ್ಟು ಎತ್ತರದ ಬಟ್ಟೆಯನ್ನು ಹಗ್ಗದಲ್ಲಿ ಕಟ್ಟಿ ನಿಲ್ಲಿಸಿದಾಗ ಗಾಳಿ ಹೊಡೆದರೆ ಅದು ಹಡಗಿನ ಹಾಯಿಯಂತೆ ಎಳೆಯುತ್ತದೆ. ಕೆಳಗೆ ನಿಂತವರು ಮಕ್ಕಳು. ಬಲೂನುಗಳು ಸೂರ್ಯೋದಯದ ಸುಮಾರಿಗೆ ಅಥವಾ ಸಂಜೆ ಹೊತ್ತು ಇಳಿಯುವ ಮುಂಚೆ ಮಾತ್ರ ಹಾರುವುದು ಇದೇ ಕಾರಣಕ್ಕೆ. ನಾಲ್ಕನೇ ತರಗತಿಯ ಮಕ್ಕಳಿಗೆ ಅರ್ಥವಾದ ಸಂಗತಿ ಇದು. ಅದನ್ನು ತಿಳಿಯಬೇಕಾಗಿದ್ದವರು ಸಂಬಳ ಪಡೆದು ಶಿಕ್ಷಣದ ಜವಾಬ್ದಾರಿ ಹೊತ್ತವರು.

ಹತ್ತೂಕಾಲಿಗೆ ಜೀಪು ಬಂತು. ಸಿಲ್ವರ್ ಮರಗಳು ಆಗಲೇ ತೂಗುತ್ತಿದ್ದವು. ಸ್ವಾಗತ ಭಾಷಣ, ಹಾರ, ದೀಪ. ಗಾಳಿಗೆ ದೀಪ ಎರಡು ಸಲ ಆರಿತು. ದೀಪ ನಿಲ್ಲದ ಗಾಳಿಯಲ್ಲಿ ಬಲೂನ್ ನಿಲ್ಲುತ್ತದೆಯೇ ಎಂದು ವೇದಿಕೆಯ ಮೇಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ಬಾಹ್ಯಾಕಾಶದವರೆಗೂ ಹೋದ ಭಾಷಣ ಮುಕ್ಕಾಲು ಗಂಟೆ ನಡೆಯಿತು. ಆಮೇಲೆ ಪೈಲಟ್ ಕೈಮುಗಿದು ಆಗುವುದಿಲ್ಲ ಎಂದ. ಮುಖಂಡರು ಬುಟ್ಟಿಯಲ್ಲಿ ನಿಂತು ಚಿತ್ರ ತೆಗೆಸಿಕೊಂಡು ಹೊರಟರು. ಅವರು ಹೋದ ಮೇಲೆ ಆ ಪುಣ್ಯಾತ್ಮ ಮಕ್ಕಳನ್ನು ದೂರದಲ್ಲಿ ಕೂರಿಸಿ ಬರ್ನರ್ ಒಂದನ್ನು ಎರಡು ಕ್ಷಣ ಉರಿಸಿ ತೋರಿಸಿದ. ಭರ್ರೆಂದು ಆಳೆತ್ತರಕ್ಕೂ ಮೀರಿ ಎದ್ದ ಬೆಂಕಿಗೆ ಮಕ್ಕಳು ಹೋ ಎಂದು ಕೂಗಿದ ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಎರಡು ಕ್ಷಣದ ಉರಿಗೆ ಅಷ್ಟು ಸಂತೋಷಪಟ್ಟ ಮಕ್ಕಳು ಬಲೂನ್ ಎದ್ದು ನಿಂತಿದ್ದರೆ ಏನು ಮಾಡುತ್ತಿದ್ದರೋ! ಬಿಸಿಯೂಟ ಅಂದು ಎರಡು ಗಂಟೆಗೆ. ಬೆಳಿಗ್ಗೆ ಐದಕ್ಕೆ ಎದ್ದ ಮಕ್ಕಳಿಗೆ.

ಇದು ಒಂದು ದಿನದ ಮಾತಾಗಿದ್ದರೆ ಬರೆಯುತ್ತಿರಲಿಲ್ಲ. ಮಳೆಗಾಲದ ರಜೆಯನ್ನೇ ನೋಡಿ. ರಾತ್ರಿಯಿಡೀ ಸುರಿದದ್ದು ನಮಗೆಲ್ಲ ಕೇಳಿಸಿರುತ್ತದೆ, ರಜೆಯ ಆದೇಶ ಬರುವುದು ಮಕ್ಕಳು ನೆನೆದು ಶಾಲೆಯ ಬಾಗಿಲು ತಲುಪಿದ ಮೇಲೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಜಾರಿ ಜೀವಗಳು ಹೋದ ಜಿಲ್ಲೆ ಇದು. ಅದೇ ಮಳೆಯಲ್ಲಿ ಬಿರುಕು ಬಿಟ್ಟ ನಮ್ಮ ಶಾಲೆಯ ಹಿಂಬದಿಯ ಗೋಡೆಯನ್ನು ಅಳೆದು ಬರೆದುಕೊಂಡು ಹೋದವರು ಮೂವರು. ಗೋಡೆ ಹಾಗೆಯೇ ಇದೆ, ಪಕ್ಕದಲ್ಲಿ ಒಂದು ಬಾಳೆಗಿಡ ಬೆಳೆದು ಗೊನೆ ಹಾಕಿದೆ. ಆನೆ ಕಂದಕ ತೋಡಿದ್ದಾರೆ, ಬಂಡೆ ಸಿಕ್ಕಿದಲ್ಲಿ ಬಿಟ್ಟಿದ್ದಾರೆ. ಆನೆ ಬರುವುದು ಬಂಡೆ ಇರುವ ಆ ಜಾಗದಲ್ಲೇ. ಬೆಳಗಿನ ಬಸ್ ನಿಂತು ಎರಡು ವರ್ಷ. ನನ್ನ ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿ ಬಿದ್ದದ್ದನ್ನು ತಿದ್ದಿಸಲು ಎಷ್ಟು ಸಲ ಅಲೆದೆನೆಂದು ಇಲ್ಲಿ ಬರೆದರೆ ನಿಮ್ಮ ಪುಟ ಸಾಲದು. ಎಲ್ಲ ಕಡೆಯೂ ಕೇಳಿಬರುವುದು ಸಾಹೇಬರು ಹೊರಟಿದ್ದಾರೆ ಎಂಬ ಅದೇ ಮಾತು.

ಆದ್ದರಿಂದ ಸಂಬಂಧಪಟ್ಟವರು ಆ ತಂಡವನ್ನು ಮತ್ತೆ ಕರೆಸಬೇಕು, ಬೆಳಿಗ್ಗೆ ಏಳಕ್ಕೇ ಬಲೂನ್ ಏರಿಸಬೇಕು, ಯಾರೂ ಉದ್ಘಾಟಿಸಕೂಡದು. ಅದು ಆಗದಿದ್ದರೆ ಇನ್ನು ಮುಂದೆ ನಮ್ಮ ಶಾಲೆಗೆ ಯಾವ ತಂಡವನ್ನೂ ಕರೆಸುವುದು ಬೇಡ, ಮೊದಲು ಗೋಡೆ ಕಟ್ಟಿಸಿ, ಬಸ್ ಬಿಡಿ. ಬಂದು ಮಕ್ಕಳ ಮುಂದೆ ತಪ್ಪಾಯಿತು ಎಂದು ಒಂದು ಮಾತು ಹೇಳುವ ಮನಸ್ಸಾದರೂ ಇದೆಯೇ? ಚಳಿಯಲ್ಲಿ ಮೂರು ಗಂಟೆ ನಿಲ್ಲಿಸಿದ್ದು ನಿಮ್ಮ ಮನೆಯ ಮಕ್ಕಳನ್ನಾಗಿದ್ದರೆ ಸುಮ್ಮನಿರುತ್ತಿದ್ದಿರಾ? ಸಂಪಾದಕರೇ, ನೀವು ಕೂಡ ಆ ತಲೆಬರಹವನ್ನು ತಿದ್ದಿ ಪ್ರಕಟಿಸಬೇಕು. ನನ್ನ ಮೊಮ್ಮಗ ಅದನ್ನು ಅಕ್ಷರ ಕೂಡಿಸಿ ಓದಿ, ಅಜ್ಜಾ, ಬಲೂನ್ ಯಾವಾಗ ಹಾರಿತು, ನಾವು ಬಂದ ಮೇಲೆಯೇ ಎಂದು ಕೇಳುತ್ತಿದ್ದಾನೆ.

– ಒಬ್ಬ ಬೆಳೆಗಾರ, ಕೊಡಗು