‘ಖಾಲಿ ದೋಸೆ’, ‘ದೋಸೆ ಖಾಲಿ’

ಮಾನ್ಯರೇ,

ಬೆಂಗಳೂರಿನ ದರ್ಶಿನಿಗಳಲ್ಲಿ ಈಗ ಕಾವಲಿ ಮುಂದೆ ಅಸ್ಸಾಂ, ಒಡಿಶಾ, ಬಿಹಾರ, ನೇಪಾಳದ ಹುಡುಗರೂ ನಿಂತಿರುತ್ತಾರೆ. ‘ಕನ್ನಡ ಬರಲ್ಲ’ ಎಂದು ಗೊಣಗುವ ಮಾಲೀಕರು ಕಲಿಸುವ ಕೆಲಸವನ್ನು ಗಿರಾಕಿಗೆ ಬಿಟ್ಟಿದ್ದಾರೆ. ‘ಖಾಲಿ ದೋಸೆ’ ಎಂದರೆ ತಿಂಡಿ, ‘ದೋಸೆ ಖಾಲಿ’ ಎಂದರೆ ಹಿಟ್ಟು ಮುಗಿಯಿತು. ಹಿಂದಿ ಬಲ್ಲವನಿಗೆ ಎರಡೂ ‘ಬರಿದು’ ಎಂದೇ ಕೇಳಿಸುತ್ತದೆ. ಡಿಪ್, ಬೇರೆ ಬೇರೆ, ಒನ್ ಬೈ ಟೂ, ಸಕ್ಕರೆ ಕಮ್ಮಿ ಮುಂತಾದ 50 ಮಾತುಗಳನ್ನು ದೇವನಾಗರಿ, ಅಸ್ಸಾಮಿ, ಒಡಿಯಾ ಲಿಪಿಯಲ್ಲಿ ಬರೆದು ಕೌಂಟರಿನ ಒಳಬದಿ ಅಂಟಿಸಲಿ. ಮಧ್ಯಾಹ್ನ ಮೂರರ ಬಿಡುವಿನಲ್ಲಿ ದಿನಕ್ಕೆ ಐದರಂತೆ ಹೇಳಿಕೊಟ್ಟರೆ ಹತ್ತು ದಿನದ ಕೆಲಸ.

ಹಬ್ಬಕ್ಕೆ ಊರಿಗೆ ಹೋದ ಹುಡುಗರು ಮರಳದಿರುವುದು ಇನ್ನೊಂದು ತೊಂದರೆ. ಸಂಬಳ ಹಿಡಿದಿಟ್ಟರೆ ಬಂದೇ ಬರುತ್ತಾರೆ ಎಂಬುದು ಬರೀ ಭ್ರಮೆ. ಅಸ್ಸಾಮಿನವರ ಬಿಹು ಹಬ್ಬ ಏಪ್ರಿಲ್ ಮಧ್ಯಕ್ಕೆ, ಬಿಹಾರದವರ ಛಠ್ ದೀಪಾವಳಿಯ ಬೆನ್ನಿಗೆ. ತಾರೀಕು ಮೊದಲೇ ಗೊತ್ತು. ರೈಲಿನ ರಿಸರ್ವೇಶನ್ 60 ದಿನ ಮುಂಚೆ ತೆರೆಯುತ್ತದೆ. ಅಷ್ಟರೊಳಗೆ ರಜೆಯ ಸರದಿ ಗೊತ್ತುಮಾಡಿ, ವಾಪಸು ಬರುವ ಟಿಕೆಟನ್ನೂ ಮಾಲೀಕರೇ ತೆಗೆಸಿಕೊಡಲಿ. ವಾರಕ್ಕೊಂದು ರಾತ್ರಿ ಅವರ ಅಡುಗೆ ಅವರೇ ಮಾಡಿಕೊಳ್ಳಲಿ. ಒಂದು ಲೀಟರ್ ಸಾಸಿವೆ ಎಣ್ಣೆ ಹೊಸ ಭಟ್ಟರನ್ನು ಹುಡುಕುವುದಕ್ಕಿಂತ ಅಗ್ಗ.

ಇನ್ನೊಂದು ಮಾತು. ಹೊಸಬನಿಗೆ ಪಿಎಫ್‌ನ ಯುಎಎನ್ (ಕೆಲಸ ಬದಲಾದರೂ ಬದಲಾಗದ ಸಂಖ್ಯೆ) ಈಗಾಗಲೇ ಇದೆಯೇ ಎಂದು ಕೇಳದೆ ಮತ್ತೊಂದು ಮಾಡಿಸಿದರೆ ಹಳೆಯ ದುಡ್ಡು ಅಲ್ಲೇ ಸಿಕ್ಕಿಬೀಳುತ್ತದೆ.

— ಓದುಗ, ಬೆಂಗಳೂರು