ಮೊದಲು ಕಿಲ್ನ್, ಆಮೇಲೆ ಟಾರ್ಚ್

ಗೆಳೆಯಾ,

ಕಾಫಿ ಮೂಟೆ ಇಡುತ್ತಿದ್ದ ಹಿತ್ತಲ ಕೋಣೆ ಖಾಲಿಯಾಗಿದೆ, ಅಲ್ಲೇ ಗಾಜಿನ ಮಣಿ ಮಾಡುತ್ತೇನೆ, ಗಾಜು ಕರಗಿಸುವ ಗ್ಯಾಸ್ ಟಾರ್ಚ್ ಯಾವುದು ತರಲಿ ಅಂತ ಕೇಳಿದ್ದೀಯ. ಓದಿ ತುಂಬಾ ಖುಷಿಯಾಯಿತು. ಆದರೆ ಟಾರ್ಚ್ ಆಮೇಲೆ ನೋಡೋಣ. ಮೊದಲು ಕಿಲ್ನ್‌ಗೆ, ಅಂದರೆ ಮಣಿಗಳನ್ನು ನಿಧಾನವಾಗಿ ಆರಿಸುವ ಕರೆಂಟಿನ ಕುಲುಮೆಗೆ, ದುಡ್ಡು ಎತ್ತಿಡು.

ನಾನು ಮಾಡಿದ್ದು ಉಲ್ಟಾ. ಟಾರ್ಚ್ ತಂದೆ, ಬಣ್ಣಬಣ್ಣದ ಗಾಜಿನ ಕಡ್ಡಿ ತಂದೆ, ಮಣಿಗಳನ್ನು ಬಿಸಿ ವರ್ಮಿಕ್ಯುಲೈಟ್ (ಶಾಖ ಹಿಡಿದಿಡುವ ಹಗುರ ಖನಿಜದ ಚೂರು) ತುಂಬಿದ ಡಬ್ಬಿಯಲ್ಲಿ ಹೂತಿಟ್ಟು ಆರಿಸಿದರೆ ಸಾಕು ಅಂದುಕೊಂಡೆ. ಆ ವರ್ಷ ಅಮ್ಮನ ಕರಿಮಣಿ ಸರ ಹರಿದಿತ್ತು. ಕಳೆದುಹೋದ ಎರಡು ಮಣಿಗಳ ಜಾಗಕ್ಕೆ ನಾನೇ ಕಪ್ಪು ಗಾಜಿನಲ್ಲಿ ಎರಡು ಮಾಡಿ ಪೋಣಿಸಿಕೊಟ್ಟೆ. ಮೂರು ವಾರ ಚೆನ್ನಾಗಿತ್ತು. ಒಂದು ಸಂಜೆ ಅಮ್ಮ ಹೂ ಕಟ್ಟುತ್ತಾ ಕೂತಿದ್ದಾಗ ಟಿಕ್ ಅಂತ ಸದ್ದು. ಒಂದು ಮಣಿ ಎರಡು ಹೋಳು. ಅಮ್ಮ ಏನೂ ಅನ್ನಲಿಲ್ಲ. ಹೋಳುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಳಗೆ ಹೋದಳು. ಆ ಗಂಟು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಗಾಜಿನ ಮೈ ಬೇಗ ಆರುತ್ತದೆ, ಒಡಲು ಬಿಸಿಯಾಗೇ ಇರುತ್ತದೆ. ಆ ಎಳೆದಾಟ ಒಳಗೇ ಉಳಿದುಬಿಟ್ಟರೆ ಮಣಿ ಇವತ್ತಲ್ಲ ನಾಳೆ ಸೀಳುತ್ತದೆ. ಅದಕ್ಕೇ ಆನೀಲಿಂಗ್ ಬೇಕು, ಅಂದರೆ ಕಿಲ್ನ್‌ನಲ್ಲಿ ಒಂದೇ ಬಿಸಿಯಲ್ಲಿಟ್ಟು ನಿಧಾನವಾಗಿ ಆರಿಸುವುದು. ಕಡಿಮೆ ಬಿಸಿಗೇ ಕರಗುವ ನಮ್ಮ ಮೆದು ಗಾಜನ್ನು ನಾನು 520 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಗಂಟೆಗೆ 60 ಡಿಗ್ರಿಯಂತೆ 370ರವರೆಗೆ ಇಳಿಸುತ್ತೇನೆ. ಆಮೇಲೆ ಸ್ವಿಚ್ ಆಫ್. ಬೆಳಗಿನವರೆಗೆ ಬಾಗಿಲು ಮುಟ್ಟುವುದಿಲ್ಲ.

ಚಿಕ್ಕಮಗಳೂರಿನ ಮಳೆಗಾಲದ ಕರೆಂಟು ನಿನಗೇ ಗೊತ್ತು. ನಡುವೆ ಹೋದರೆ ಗಾಬರಿಯಾಗಬೇಡ, ಬಾಗಿಲು ತೆಗೆಯಬೇಡ. ಪೂರ್ತಿ ಆರಿದ ಮೇಲೆ ಸೀಳದೆ ಉಳಿದವನ್ನು ನಿಧಾನವಾಗಿ ಮತ್ತೆ ಕಾಯಿಸಿ ಮೊದಲಿನಿಂದ ಮಾಡಬಹುದು. ಜುಲೈಯಲ್ಲಿ ನಾನಂತೂ ವಾರದ ಮಣಿಗಳನ್ನೆಲ್ಲ ಕೂಡಿಟ್ಟು, ಕರೆಂಟು ನೆಟ್ಟಗಿರುವ ದಿನ ಒಟ್ಟಿಗೇ ಇಡುತ್ತೇನೆ.

ಜಾತ್ರೆಯ ಬಳೆಚೂರು ಕರಗಿಸಿ ಮಣಿ ಮಾಡುವ ನಿನ್ನ ಯೋಚನೆ ಚೆನ್ನಾಗಿದೆ. ಒಂದೇ ಬಳೆಯ ಚೂರಿನಿಂದ ಒಂದು ಮಣಿ ಮಾಡು, ಅಷ್ಟೆ. ಅದರ ಮೇಲೆ ಬೇರೆ ಗಾಜಿನ ಚುಕ್ಕಿ ಇಡಬೇಡ. ಬಿಸಿಗೆ ಒಂದೊಂದು ಗಾಜು ಒಂದೊಂದು ಅಳತೆಯಲ್ಲಿ ಹಿಗ್ಗುತ್ತದೆ. ಇಟಲಿಯ ಮುರಾನೋದ ಮೆದು ಗಾಜಿನ ಕಡ್ಡಿಗೆ ಆ ಹಿಗ್ಗುವ ಅಳತೆ 104, ಲ್ಯಾಬಿನ ಪಾತ್ರೆಗೆ ಬಳಸುವ ಬೋರೋಸಿಲಿಕೇಟ್ ಗಾಜಿನದು 33. ಆ ಎರಡನ್ನು ಕೂಡಿಸಿದರೆ ಯಾವ ಕಿಲ್ನೂ ಕಾಪಾಡುವುದಿಲ್ಲ.

ಇನ್ನು ಗಾಳಿ. ಉರಿಯ ಎದುರಿಗೆ, ಮೇಲುಗಡೆ ಎಕ್ಸಾಸ್ಟ್ ಫ್ಯಾನ್ ಹಾಕಿಸು. ಹೊಸ ಗಾಳಿ ನಿನ್ನ ಬೆನ್ನ ಹಿಂದಿನಿಂದ ಬರಲಿ. ಅಡಿಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ನಿಮ್ಮ ಆ ಕೋಣೆ ಅಂಗಳಕ್ಕಿಂತ ಎರಡು ಮೆಟ್ಟಿಲು ಕೆಳಗಿದೆಯಲ್ಲ, ನನಗೆ ಅದೇ ಚಿಂತೆ. ಸಿಲಿಂಡರ್ ಹೊರಗಿಟ್ಟು ಪೈಪ್ ಒಳಗೆ ತರಲೇಬೇಕು. ಮಾರಾಟಕ್ಕೆ ಮಾಡುವುದಾದರೆ ಅಡಿಗೆಮನೆಯ 14.2 ಕಿಲೋದ ಸಿಲಿಂಡರ್ ಬೇಡ, 19 ಕಿಲೋದ ಕಮರ್ಷಿಯಲ್ ತೆಗೆದುಕೋ. ಉಳಿದ ಗೋಣಿಚೀಲಗಳನ್ನೆಲ್ಲ ಇವತ್ತೇ ಹೊರಗೆ ಹಾಕು. ಕೂರುವಾಗ ಹತ್ತಿಬಟ್ಟೆ ಹಾಕಿಕೋ.

ಕನ್ನಡಕದಲ್ಲಿ ಉಳಿತಾಯ ಬೇಡ. ಬಿಸಿ ಗಾಜಿನ ಸೋಡಿಯಂ ಉರಿಗೆ ಹಳದಿ ಬಣ್ಣ ಕೊಡುತ್ತದೆ. ಡಿಡಿಮಿಯಂ ಕನ್ನಡಕ ಆ ಹಳದಿಯನ್ನು ನುಂಗಿದಾಗಲೇ ಮಣಿ ಅದನ್ನು ಸುತ್ತುವ ಸ್ಟೀಲ್ ಕಡ್ಡಿಯ ಮೇಲೆ ಹೇಗೆ ಕೂತಿದೆ ಅಂತ ಕಾಣುವುದು. ಗಾಜು ಸ್ಟೀಲ್ ಕಡ್ಡಿಗೆ ಹಿಡಿಯದಿರಲಿ ಅಂತ ಬಳಿಯುವ ಜೇಡಿ ಮಣಿಯ ತೂತಿನಲ್ಲಿ ಅಂಟಿರುತ್ತದೆ, ಅದನ್ನು ನೀರಿನೊಳಗೇ ಉಜ್ಜಿ ತೆಗೆ, ಒಣದೂಳು ಎದೆಗೆ ಕೆಟ್ಟದ್ದು.

ಭಾನುವಾರ ಬೆಳಿಗ್ಗೆ ಹಾಸನ ಬಿಟ್ಟು ಬೇಲೂರಿನ ಮೇಲೆ ಬರುತ್ತೇನೆ. ನನ್ನ ಹಳೆಯ ಸ್ಟೀಲ್ ಕಡ್ಡಿಗಳು, ಅವಕ್ಕೆ ಬಳಿಯುವ ಜೇಡಿಯ ಡಬ್ಬಿ, ಇನ್ನೊಂದು ಕನ್ನಡಕ ತರುತ್ತೇನೆ. ಟಾರ್ಚ್ ತರುವುದಿಲ್ಲ. ಆ ಕೋಣೆಯ ಯಾವ ಗೋಡೆಗೆ ಫ್ಯಾನ್ ಕೊರೆಸುವುದು ಅಂತ ಮೊದಲು ಇಬ್ಬರೂ ನಿಂತು ನೋಡೋಣ. ಮೇಸ್ತ್ರಿಗೆ ಹೇಳಿಡು.

ನಿನ್ನ,
ಹಾಸನದ ಗೆಳೆಯ